ಕರಡು ತಂದವರಿಗೆ ಮಾತ್ರ: ಮಡಿಕೇರಿ ಬಳಿಯ ಸಂಶೋಧನಾ ಬರವಣಿಗೆ ಶಿಬಿರ

ಪಿಎಚ್‌.ಡಿ. ಮುಗಿಸುವ ಹಂತದಲ್ಲಿರುವವರಿಗೆ ಮತ್ತು ಪದವಿ ಕಾಲೇಜುಗಳಲ್ಲಿ ಪಾಠ ಹೇಳಲು ತೊಡಗಿ ಕೆಲವೇ ವರ್ಷಗಳಾದ ಅಧ್ಯಾಪಕರಿಗೆಂದೇ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯ ಒಂದು ಹೋಂಸ್ಟೇಯಲ್ಲಿ ಐದು ದಿನಗಳ ಸಂಶೋಧನಾ ಬರವಣಿಗೆ ಶಿಬಿರವೊಂದು ನಡೆಯುತ್ತದೆ. ಇದರ ಹಿಂದೆ ಯಾವ ವಿಶ್ವವಿದ್ಯಾಲಯವೂ ಇಲ್ಲ, ಪ್ರಕಾಶನ ಸಂಸ್ಥೆಯೂ ಇಲ್ಲ. ಬೇರೆ ಬೇರೆ ಊರುಗಳಲ್ಲಿ ದುಡಿದು ನಿವೃತ್ತರಾದ ಕೆಲವು ಪ್ರಾಧ್ಯಾಪಕರು ಮತ್ತು ಅವರ ಕೈಯಲ್ಲಿ ಓದಿ ಈಗ ತಾವೇ ಮಾರ್ಗದರ್ಶಕರಾಗಿರುವ ಕೆಲವರು ಸೇರಿ ಬೇಸಿಗೆ ರಜೆಯಲ್ಲಿ ಇದನ್ನು ನಡೆಸುತ್ತಾರೆ. ಊಟ, ವಸತಿ ಎರಡೂ ಸೇರಿ ಶುಲ್ಕ 4,500 ರೂಪಾಯಿ. ದಕ್ಷಿಣ ಕೊಡಗಿನ ಸರ್ಕಾರಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿರುವ ನಾನು ಕಳೆದ ಮೇ ತಿಂಗಳಲ್ಲಿ ಇದರಲ್ಲಿ ಪಾಲ್ಗೊಂಡೆ. ಕೈಯಲ್ಲಿ ಅರೆಬರೆಯಾದರೂ ಒಂದು ಕರಡು ಇರುವವರು ಈ ಶಿಬಿರಕ್ಕೆ ಖಂಡಿತ ಹೋಗಬೇಕು; ಪ್ರಮಾಣಪತ್ರಕ್ಕಾಗಿ ಹೋಗುವವರು ಬೇರೆ ಕಡೆ ನೋಡುವುದು ಮೇಲು; ಕನ್ನಡದಲ್ಲಿ ಬರೆಯುವವರು ಕೆಲವು ಕೊರತೆಗಳನ್ನು ಮೊದಲೇ ತಿಳಿದುಕೊಂಡು ಹೋಗಬೇಕು. ಈ ಮೂರು ಮಾತುಗಳಿಗೆ ಕಾರಣಗಳನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಸಂಶೋಧನಾ ವಿಧಾನದ ಹೆಸರಿನಲ್ಲಿ ನಡೆಯುವ ಕಾರ್ಯಾಗಾರಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವುಗಳಲ್ಲಿ ಮಾದರಿ ಆಯ್ಕೆಯ ಬಗೆಗಳು, ಪ್ರಾಕ್ಕಲ್ಪನೆಯ ಲಕ್ಷಣಗಳು, ಪ್ರಶ್ನಾವಳಿ ತಯಾರಿಸುವ ಕ್ರಮ ಮುಂತಾದವನ್ನು ಪಿಎಚ್‌.ಡಿ. ಕೋರ್ಸ್‌ವರ್ಕ್‌ನಲ್ಲಿ ಕೇಳಿದಂತೆಯೇ ಇನ್ನೊಮ್ಮೆ ಕೇಳುತ್ತೇವೆ. ಆದರೆ ಕ್ಷೇತ್ರಕಾರ್ಯ ಮುಗಿಸಿ, ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು, ಮೊದಲ ವಾಕ್ಯವನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಕುಳಿತಿರುವವರಿಗೆ ಅಲ್ಲಿಂದ ಸಿಗುವ ನೆರವು ಬಹಳ ಕಡಿಮೆ. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಈ ತೊಂದರೆ ಹೆಚ್ಚು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರಗಳಲ್ಲಿ ವಿಜ್ಞಾನದವರಿಗೆ ಹಿರಿಯ ಸಂಶೋಧಕರ ಒಡನಾಟ ಸಿಗುತ್ತದೆ. ಸಮಾಜವಿಜ್ಞಾನ ಮತ್ತು ಭಾಷಾ ವಿಭಾಗಗಳವರು ಹೆಚ್ಚಾಗಿ ಒಂದೊಂದು ಕಾಲೇಜಿನಲ್ಲಿ ಒಬ್ಬಿಬ್ಬರಂತೆ ಹಂಚಿಹೋಗಿದ್ದಾರೆ. ಚಿಕ್ಕ ಅಳುವಾರದ ಆವರಣ ಮೊದಲು ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, ಈಗ ಕೊಡಗು ವಿಶ್ವವಿದ್ಯಾಲಯವಾಗಿದೆ. ಆದರೂ ವಿರಾಜಪೇಟೆ ಅಥವಾ ಗೋಣಿಕೊಪ್ಪದಲ್ಲಿ ಪಾಠ ಮುಗಿಸಿ ಸಂಜೆ ಯಾರೊಡನೆಯಾದರೂ ಒಂದು ಕರಡನ್ನು ಚರ್ಚಿಸಬೇಕೆಂದರೆ ಆ ‘ಯಾರು’ ಎಂಬುದು ಬಹಳ ಮಂದಿಗೆ ಇನ್ನೂ ಸಿಕ್ಕಿಲ್ಲ.

ಈ ಶಿಬಿರಕ್ಕೆ ಪ್ರವೇಶ ಸಿಗಬೇಕಾದರೆ ಶುಲ್ಕ ಕಟ್ಟಿದರಷ್ಟೇ ಸಾಲದು. ಕನಿಷ್ಠ 1,500 ಪದಗಳ ಕರಡನ್ನು ಮೂರು ವಾರ ಮೊದಲು ಕಳುಹಿಸಬೇಕು. ಅದು ಮಹಾಪ್ರಬಂಧದ ಒಂದು ಅಧ್ಯಾಯದ ಭಾಗವಾಗಿರಬಹುದು, ವಿಚಾರ ಸಂಕಿರಣದಲ್ಲಿ ಓದಿದ ಪ್ರಬಂಧವಾಗಿರಬಹುದು, ಪತ್ರಿಕೆಯೊಂದು ತಿರಸ್ಕರಿಸಿದ ಲೇಖನವೂ ಆಗಿರಬಹುದು. ಸಾರಾಂಶ ಮಾತ್ರ ಕಳುಹಿಸಿದವರಿಗೆ ಮುಂದಿನ ಬಾರಿ ಬನ್ನಿ ಎಂದು ನಯವಾಗಿಯೇ ತಿಳಿಸುತ್ತಾರೆ. ಮೊದಲು ಇದು ಕಠಿಣ ನಿಯಮವೆನಿಸಿದರೂ ಎರಡನೆಯ ದಿನದ ಹೊತ್ತಿಗೆ ಇದರ ಅಗತ್ಯ ಮನದಟ್ಟಾಗುತ್ತದೆ, ಏಕೆಂದರೆ ಇಡೀ ಶಿಬಿರ ನಿಂತಿರುವುದೇ ಆ ಪುಟಗಳ ಮೇಲೆ. ಇಪ್ಪತ್ತು ಮಂದಿಯನ್ನು ನಾಲ್ಕು ನಾಲ್ಕು ಜನರ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೆ ಒಬ್ಬ ಹಿರಿಯರನ್ನು ಕೊಡುತ್ತಾರೆ. ಗುಂಪಿನಲ್ಲಿ ಒಂದೇ ವಿಷಯದವರು ಇಬ್ಬರಿರದಂತೆ ನೋಡಿಕೊಳ್ಳುತ್ತಾರೆ. ನಮ್ಮ ಗುಂಪಿನಲ್ಲಿ ಅರಣ್ಯಶಾಸ್ತ್ರ, ಇತಿಹಾಸ, ವಾಣಿಜ್ಯ ಮತ್ತು ಸಮಾಜಶಾಸ್ತ್ರದವರಿದ್ದೆವು; ನಮ್ಮ ಮಾರ್ಗದರ್ಶಕರು ಸಸ್ಯಶಾಸ್ತ್ರದವರು.

ಬೆಳಿಗ್ಗೆ ಎರಡು ಗಂಟೆ ಮೌನವಾಗಿ ಬರೆಯುವುದು. ಆ ಹೊತ್ತಿನಲ್ಲಿ ಮೊಬೈಲು ಒಂದು ಬುಟ್ಟಿಯಲ್ಲಿರುತ್ತದೆ. ಆಮೇಲೆ ಊಟದವರೆಗೆ ಗುಂಪಿನ ಓದು. ಮಧ್ಯಾಹ್ನ ಎಲ್ಲರಿಗೂ ಸೇರಿ ಒಂದು ಪಾಠ, ಸಂಜೆ ಬೇಕಾದವರಿಗೆ ಮಾರ್ಗದರ್ಶಕರೊಡನೆ ಪ್ರತ್ಯೇಕ ಮಾತುಕತೆ. ಉದ್ಘಾಟನೆ, ಸನ್ಮಾನ, ಸಮಾರೋಪಗಳಿಗೆ ಇಲ್ಲಿ ಸಮಯ ಕೊಡುವುದಿಲ್ಲ, ಅದು ನನಗೆ ತುಂಬ ಹಿಡಿಸಿತು.

ಗುಂಪಿನ ಓದೇ ಈ ಶಿಬಿರದ ಜೀವಾಳ. ಒಬ್ಬರ ಕರಡನ್ನು ಉಳಿದ ಮೂವರು ಹಿಂದಿನ ರಾತ್ರಿ ಓದಿಕೊಂಡು ಬಂದಿರಬೇಕು. ಬರೆದವರು ಮೊದಲ ಅರ್ಧ ಗಂಟೆ ಮಾತನಾಡುವಂತಿಲ್ಲ, ಸಮರ್ಥನೆ ಕೊಡುವಂತಿಲ್ಲ, ಕೇಳಿಸಿಕೊಂಡು ಬರೆದುಕೊಳ್ಳಬೇಕಷ್ಟೆ. ಓದಿದವರು ಮೊದಲು ಹೇಳಬೇಕಾದದ್ದು ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂದಲ್ಲ. ‘ಈ ಲೇಖನ ಹೀಗೆ ಹೇಳುತ್ತಿದೆ ಎಂದು ನಾನು ತಿಳಿದುಕೊಂಡೆ’ ಎಂದು ಒಂದೇ ವಾಕ್ಯದಲ್ಲಿ. ಮೂವರು ಮೂರು ಬೇರೆ ಬೇರೆ ವಾಕ್ಯ ಹೇಳಿದರೆ ಲೇಖನದಲ್ಲಿ ವಾದ ಇನ್ನೂ ನೆಲೆಗೊಂಡಿಲ್ಲವೆಂದು ಬರೆದವರಿಗೆ ತಾನಾಗಿಯೇ ತಿಳಿಯುತ್ತದೆ. ನಂತರ ಮಾರ್ಗದರ್ಶಕರು ಕರಡಿನ ಪ್ರತಿ ಪ್ಯಾರಾದ ಎದುರು, ಆ ಪ್ಯಾರಾ ಏನು ಕೆಲಸ ಮಾಡುತ್ತಿದೆ ಎಂಬುದನ್ನು ನಾಲ್ಕೈದು ಪದಗಳಲ್ಲಿ ಅಂಚಿನಲ್ಲಿ ಬರೆಯಿಸುತ್ತಾರೆ. ಬರೆದು ಮುಗಿದ ಮೇಲೆ ಅಂಚಿನ ಟಿಪ್ಪಣಿಗಳನ್ನು ಮಾತ್ರ ಮೇಲಿನಿಂದ ಕೆಳಗೆ ಓದಬೇಕು. ಎರಡು ಪ್ಯಾರಾಗಳಿಗೆ ಒಂದೇ ಟಿಪ್ಪಣಿ ಬಿದ್ದಿದೆಯೇ, ಯಾವುದಕ್ಕಾದರೂ ಟಿಪ್ಪಣಿಯೇ ಹೊಳೆಯುತ್ತಿಲ್ಲವೇ, ನಾಲ್ಕನೆಯದು ಎರಡನೆಯದಕ್ಕಿಂತ ಮೊದಲು ಬರಬೇಕಿತ್ತೇ ಎಂಬುದೆಲ್ಲ ಆಗ ಎದುರಿಗೇ ಕಾಣುತ್ತದೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ, ಪೆನ್ಸಿಲು ಸಾಕು.

ಅರಣ್ಯಶಾಸ್ತ್ರದ ಗೆಳತಿಯ ಲೇಖನ ದೇವರಕಾಡುಗಳ, ಅಂದರೆ ಊರಿನವರು ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಕಾಡುಗಳ ಕುರಿತದ್ದು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ ಎಂಬ ಮಾತು ಅವರ ಮೊದಲ ವಾಕ್ಯದಲ್ಲೇ ಇತ್ತು, ಅದಕ್ಕೆ ಉಲ್ಲೇಖವೂ ಇತ್ತು. ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: ಈ ಸಂಖ್ಯೆಯನ್ನು ಯಾರು ಎಣಿಸಿದರು, ಯಾವ ದಾಖಲೆಯಿಂದ, ಯಾವಾಗ? ಉಲ್ಲೇಖಿಸಿದ ಲೇಖನವನ್ನು ತೆರೆದರೆ ಅದು ಇನ್ನೊಂದು ಲೇಖನವನ್ನು ತೋರಿಸಿತು, ಅದು ಮತ್ತೊಂದನ್ನು. ಮಧ್ಯಾಹ್ನದವರೆಗೆ ನಾವೆಲ್ಲ ಸೇರಿ ಆ ಸರಪಳಿಯನ್ನು ಹಿಂದಕ್ಕೆ ಹಿಡಿದು ಹೋದೆವು. ಸಂಖ್ಯೆ ತಪ್ಪೆಂದು ಯಾರೂ ಹೇಳಲಿಲ್ಲ. ಆದರೆ ಕಂದಾಯ ದಾಖಲೆಯಲ್ಲಿ ದೇವರಕಾಡೆಂದು ನಮೂದಾಗಿರುವುದು ಬೇರೆ, ಇವತ್ತು ನೆಲದ ಮೇಲೆ ಮರಗಳಿರುವ ಕಾಡು ಬೇರೆ, ಊರಿನವರು ದೇವರಕಾಡೆಂದು ನಡೆದುಕೊಳ್ಳುವ ಜಾಗ ಬೇರೆ, ಮತ್ತು ಈ ಮೂರನ್ನೂ ಒಂದೇ ಅಂಕಿಯೊಳಗೆ ಹಾಕಿ ಮಾತನಾಡಿದರೆ ಲೇಖನದ ಮುಂದಿನ ವಿಶ್ಲೇಷಣೆಯೆಲ್ಲ ಅಲುಗಾಡುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಯಿತು. ಅವರ ಲೇಖನದ ಹೊಸ ಪ್ರಶ್ನೆ ಹುಟ್ಟಿದ್ದೇ ಆ ವ್ಯತ್ಯಾಸದಿಂದ. ಮೂಲ ಆಕರದವರೆಗೆ ಹೋಗಬೇಕು ಎಂದು ಉಪನ್ಯಾಸಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ತಮ್ಮದೇ ಮೊದಲ ವಾಕ್ಯವನ್ನು ಹಿಡಿದು ಅದನ್ನು ಮಾಡಿಸಿದಾಗ ಉಂಟಾಗುವ ಅರಿವು ಬೇರೆಯೇ.

ಇತಿಹಾಸದವರ ಕರಡಿನಲ್ಲಿಯೂ ಇಂಥದೇ ಒಂದು ಸಂಗತಿ ಚರ್ಚೆಗೆ ಬಂತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟ ಸರಣಿಯ ಮೊದಲ ಸಂಪುಟ ಕೊಡಗಿನ ಶಾಸನಗಳದು. ಅದು 1886ರಲ್ಲಿ ಬಂತು, ಪರಿಷ್ಕೃತ ಆವೃತ್ತಿ 1914ರಲ್ಲಿ. ಯಾವ ಆವೃತ್ತಿಯನ್ನು ನೋಡಿದ್ದೇವೆ ಎಂಬುದನ್ನು ಹೇಳದೆ ಬರೀ ಶಾಸನದ ಸಂಖ್ಯೆ ಕೊಟ್ಟರೆ ಓದುವವರು ಎಲ್ಲಿ ಹುಡುಕಬೇಕು ಎಂದು ವಾಣಿಜ್ಯಶಾಸ್ತ್ರದ ಸಹಶಿಬಿರಾರ್ಥಿ ಕೇಳಿದರು. ಬೇರೆ ವಿಷಯದವರನ್ನು ಒಂದೇ ಗುಂಪಿನಲ್ಲಿ ಕೂರಿಸುವುದರ ಲಾಭ ಇಲ್ಲಿದೆ. ಆಯಾ ಕ್ಷೇತ್ರದವರು ‘ಎಲ್ಲರಿಗೂ ಗೊತ್ತಿರುವುದೇ’ ಎಂದು ಬಿಟ್ಟುಬಿಡುವ ಕಡೆಗಳಲ್ಲಿ ಹೊರಗಿನವರು ನಿಲ್ಲುತ್ತಾರೆ.

ನನ್ನ ಕರಡು ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ಕಾರ್ಮಿಕ ಕುಟುಂಬಗಳ ಮಕ್ಕಳು ಕೊಯ್ಲಿನ ತಿಂಗಳುಗಳಲ್ಲಿ ಶಾಲೆಗೆ ಎಷ್ಟು ಬರುತ್ತಾರೆ ಎಂಬುದರ ಬಗ್ಗೆ. ಆಕರ, ಶಾಲೆಗಳ ಹಾಜರಿ ಪುಸ್ತಕ ಮತ್ತು ತಾಯಂದಿರ ಸಂದರ್ಶನ. ರೊಬಸ್ಟಾ ಕೊಯ್ಲು ಬಿರುಸಾಗುವ ಜನವರಿಯಿಂದ ಮಾರ್ಚ್‌ವರೆಗೆ ಹಾಜರಿ ಇಳಿಯುವುದನ್ನು ಕರಡು ತೋರಿಸಿತ್ತು. ಸಸ್ಯಶಾಸ್ತ್ರದ ಮೇಡಂ ಅದನ್ನು ಓದಿ, ‘ಗೈರುಹಾಜರಾದ ಮಗು ಅದೇ ತೋಟದಲ್ಲಿದೆಯೋ, ಕುಟುಂಬದ ಜೊತೆ ಇನ್ನೊಂದು ತೋಟಕ್ಕೆ ಹೋಗಿ ಅಲ್ಲಿಯ ಶಾಲೆಗೆ ಸೇರಿದೆಯೋ ಎಂಬುದನ್ನು ಈ ಪುಸ್ತಕದಿಂದ ಹೇಗೆ ತಿಳಿಯುತ್ತೀರಿ ಅಮ್ಮಾ?’ ಎಂದು ಕೇಳಿದರು. ಹಾಜರಿ ಪುಸ್ತಕದಲ್ಲಿ ಎರಡಕ್ಕೂ ಒಂದೇ ಗುರುತು. ತಂಗಿ–ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ದೊಡ್ಡ ಹುಡುಗಿಯ ಗೈರು ಮತ್ತು ವಲಸೆ ಹೋಗುವ ಕುಟುಂಬದ ಮಗುವಿನ ಗೈರು ಎರಡು ಬೇರೆ ಸಾಮಾಜಿಕ ಸಂಗತಿಗಳು; ಅವಕ್ಕೆ ಪರಿಹಾರಗಳೂ ಬೇರೆ. ನನ್ನ ಲೇಖನಕ್ಕೆ ಈಗಿರುವ ವಾದ ರೂಪುಗೊಂಡದ್ದು ಆ ಪ್ರಶ್ನೆಯ ಸುತ್ತ. ಸಂದರ್ಶನದ ಟಿಪ್ಪಣಿಗಳಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಮೊದಲೇ ಇತ್ತು, ಹೆಕ್ಕಿ ಮುಂದಿಡಲು ಒಂದು ಕಾರಣ ಬೇಕಿತ್ತು.

ಸಾಮಗ್ರಿ ಒಂದೇ ಆಗಿದ್ದರೂ ಕೇಳುವ ಪ್ರಶ್ನೆ ಬದಲಾದರೆ ಬರಹವೇ ಬದಲಾಗುತ್ತದೆ ಎಂಬುದಕ್ಕೆ ಹಿರಿಯರೊಬ್ಬರು ಕೊಟ್ಟ ಉದಾಹರಣೆ ಕೊಡಗಿಗೇ ಸೇರಿದ್ದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಬಗ್ಗೆ ಸಾಮಗ್ರಿ ಸಂಗ್ರಹಿಸಿದ್ದು ಬೊಂಬಾಯಿಯಲ್ಲಿ ಜಿ.ಎಸ್. ಘುರ್ಯೆ ಅವರ ವಿದ್ಯಾರ್ಥಿಯಾಗಿದ್ದಾಗ. ಅಲ್ಲಿ ಅದು ಸುದೀರ್ಘವಾದ, ವಿವರಗಳಿಂದ ತುಂಬಿದ ಪ್ರಬಂಧವಾಯಿತು. ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಅವರ ಬಳಿ ಅದೇ ಸಾಮಗ್ರಿಯನ್ನು, ಧಾರ್ಮಿಕ ಆಚರಣೆಗೂ ಸಾಮಾಜಿಕ ರಚನೆಗೂ ಇರುವ ಸಂಬಂಧವೇನು ಎಂಬ ಪ್ರಶ್ನೆಯ ಅಡಿಯಲ್ಲಿ ಹೊಸದಾಗಿ ಬರೆದರು. 1952ರಲ್ಲಿ ಪುಸ್ತಕವಾಗಿ ಬಂದದ್ದು ಈ ಎರಡನೆಯ ಬರಹ. ಸಂಸ್ಕೃತೀಕರಣ (ಕೆಳಗಿನ ಜಾತಿಗಳು ಮೇಲಿನ ಜಾತಿಗಳ ಆಚಾರಗಳನ್ನು ಅನುಸರಿಸುವುದು) ಎಂಬ ಪರಿಕಲ್ಪನೆಯನ್ನು ಸಮಾಜಶಾಸ್ತ್ರ ಇಂದಿಗೂ ನೆನೆಯುವುದು ಅದರಿಂದ. ಒಕ್ಕ (ಕೊಡವ ಮನೆತನ), ಐನ್‌ಮನೆ (ಮನೆತನದ ಮೂಲ ಮನೆ), ಕೈಲ್‌ಪೊಳ್ದ್ (ಆಯುಧಗಳನ್ನು ಪೂಜಿಸುವ ಹಬ್ಬ) ಇವುಗಳ ವಿವರ ಕೊಡಗಿನ ಪ್ರತಿಯೊಬ್ಬ ವಿದ್ಯಾರ್ಥಿಯ ಬಳಿ ಬೇಕಾದಷ್ಟಿರುತ್ತದೆ. ಆ ವಿವರಗಳು ಯಾವ ಪ್ರಶ್ನೆಗೆ ಉತ್ತರವಾಗುತ್ತವೆ ಎಂಬುದನ್ನು ನಿರ್ಧರಿಸುವುದರಲ್ಲಿಯೇ ನಮ್ಮ ಬಹುಪಾಲು ಮಹಾಪ್ರಬಂಧಗಳು ಸೋಲುತ್ತವೆ ಎಂಬ ಅವರ ಮಾತನ್ನು ನಾನು ಒಪ್ಪುತ್ತೇನೆ.

ಪೀಠಿಕೆ ಬರೆಯುವುದರ ಪಾಠವೂ ಇದಕ್ಕೆ ಹೊಂದಿಕೊಂಡಿತ್ತು. ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್ ವಿಶ್ಲೇಷಿಸಿ 1990ರಲ್ಲಿ ವಿವರಿಸಿದ ಮೂರು ನಡೆಗಳನ್ನು ಅಲ್ಲಿ ಬಳಸುತ್ತಾರೆ: ಯಾವ ಕ್ಷೇತ್ರದಲ್ಲಿ ಮಾತು ನಡೆದಿದೆ ಎಂದು ತೋರಿಸುವುದು, ಅಲ್ಲಿ ಏನು ಬಾಕಿ ಉಳಿದಿದೆ ಎಂದು ಗುರುತಿಸುವುದು, ಆ ಬಾಕಿಯನ್ನು ಈ ಲೇಖನ ಹೇಗೆ ತುಂಬುತ್ತದೆ ಎಂದು ಹೇಳುವುದು. ನಮ್ಮ ಜಿಲ್ಲೆಯ ಕುರಿತ ಲೇಖನಗಳು ಕಾವೇರಿಯ ಉಗಮ, ದಟ್ಟ ಕಾಡು, ಮಂಜು, ವೀರಪರಂಪರೆಗಳ ವರ್ಣನೆಯಿಂದ ಆರಂಭವಾಗುವುದು ವಾಡಿಕೆ. ಅದು ಮೊದಲ ನಡೆಯಂತೆ ಕಂಡರೂ ಅಲ್ಲ. ಅದು ಸ್ಥಳದ ಪರಿಚಯ ಮಾತ್ರ, ಸಂಶೋಧನೆಯ ಕ್ಷೇತ್ರದ ಪರಿಚಯವಲ್ಲ. ಈ ವ್ಯತ್ಯಾಸವನ್ನು ಪ್ರಕಟಿತ ಲೇಖನಗಳನ್ನೇ ಕತ್ತರಿಸಿ, ವಾಕ್ಯಗಳನ್ನು ಮೇಜಿನ ಮೇಲೆ ಹರಡಿ, ಮೂರು ನಡೆಗಳಾಗಿ ಜೋಡಿಸಲು ಹೇಳಿ ಕಲಿಸಿದ ಕ್ರಮ ಬಹಳ ಪರಿಣಾಮಕಾರಿಯಾಗಿತ್ತು.

ಪ್ರಕಟಣೆಯ ಕುರಿತ ಮಧ್ಯಾಹ್ನದ ಪಾಠ ಇಂದಿನ ಸ್ಥಿತಿಗೆ ಬಹಳ ಅಗತ್ಯವಾದದ್ದು. ಪಿಎಚ್‌.ಡಿ. ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿರಲೇಬೇಕೆಂಬ ನಿಯಮವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ಆದರೆ ನೇಮಕಾತಿಯಲ್ಲಿ ಮತ್ತು ಬಡ್ತಿಯಲ್ಲಿ ಲೇಖನಗಳಿಗೆ ಅಂಕಗಳಿರುವುದರಿಂದ ಒತ್ತಡ ಹಾಗೆಯೇ ಇದೆ, ಹಣ ತೆಗೆದುಕೊಂಡು ವಾರದೊಳಗೆ ಪ್ರಕಟಿಸುವ ಪತ್ರಿಕೆಗಳು ಬದುಕುತ್ತಿರುವುದು ಆ ಒತ್ತಡದಿಂದಲೇ. 2019ರಲ್ಲಿ ಆರಂಭವಾದ, ಮಾನ್ಯ ಪತ್ರಿಕೆಗಳ ಯುಜಿಸಿ–ಕೇರ್ ಪಟ್ಟಿ ಒಂದು ಆಸರೆಯಾಗಿತ್ತು. 2025ರ ಫೆಬ್ರುವರಿಯಲ್ಲಿ ಅದನ್ನು ನಿಲ್ಲಿಸಿ, ಪತ್ರಿಕೆಯ ಗುಣಮಟ್ಟವನ್ನು ಅಳೆಯುವ ಹೊಣೆಯನ್ನು ಸಂಸ್ಥೆಗಳಿಗೇ ಬಿಟ್ಟಿದ್ದಾರೆ. ಹಾಗಾಗಿ ಪಟ್ಟಿ ನೋಡಿ ಕಳುಹಿಸುತ್ತಿದ್ದ ಕಿರಿಯರು ಈಗ ತಾವೇ ಪರೀಕ್ಷಿಸಬೇಕಾಗಿದೆ. ಐಎಸ್‌ಎಸ್‌ಎನ್ ಎಂಬುದು ಪತ್ರಿಕೆಯ ಗುರುತಿನ ಸಂಖ್ಯೆಯೇ ಹೊರತು ಗುಣಮಟ್ಟದ ಮುದ್ರೆಯಲ್ಲ. ಸಂಪಾದಕ ಮಂಡಳಿಯಲ್ಲಿರುವವರ ಹೆಸರು ಅವರ ಸಂಸ್ಥೆಯ ಪುಟದಲ್ಲಿಯೂ ಇದೆಯೇ ನೋಡಬೇಕು. ಹಳೆಯ ಸಂಚಿಕೆಗಳನ್ನು ತೆರೆದು ಕನಿಷ್ಠ ಎರಡು ಲೇಖನಗಳನ್ನು ಪೂರ್ತಿ ಓದಬೇಕು. ಶುಲ್ಕ ಎಷ್ಟು ಮತ್ತು ಯಾವ ಹಂತದಲ್ಲಿ ಎಂಬುದು ಸ್ಪಷ್ಟವಾಗಿ ಬರೆದಿರಬೇಕು. ಇವನ್ನೆಲ್ಲ ನಿಜವಾದ ಪತ್ರಿಕೆಗಳ ಜಾಲತಾಣಗಳನ್ನು ಪರದೆಯ ಮೇಲೆ ತೆರೆದು ಒಂದೊಂದಾಗಿ ಮಾಡಿಸಿದರು. 2025ರ ಜನವರಿಯಿಂದ ಜಾರಿಯಲ್ಲಿರುವ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸಿಗುತ್ತವೆ ಎಂಬುದನ್ನು ಶಿಬಿರಕ್ಕೆ ಬಂದಿದ್ದ ಸರ್ಕಾರಿ ಕಾಲೇಜಿನ ಹಲವರು ಮೊದಲ ಬಾರಿಗೆ ಕೇಳಿದರು. ಈ ಒಂದು ಮಾಹಿತಿಯನ್ನು ಪ್ರತಿ ಕಾಲೇಜಿನ ಗ್ರಂಥಾಲಯದ ಬಾಗಿಲಿಗೆ ಅಂಟಿಸಬೇಕು.

ಕೃತಿಚೌರ್ಯದ ವಿಚಾರದಲ್ಲಿ ಅವರು ಹೇಳಿದ್ದು ಚಿಕ್ಕದು, ಖಚಿತವಾದದ್ದು. ಯುಜಿಸಿಯ 2018ರ ನಿಯಮಗಳಲ್ಲಿ ಬೇರೆ ಬರಹಗಳೊಡನೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ, ಅದರ ಮೇಲೆ ಶೇ. 40, ಶೇ. 60 ಎಂದು ಹಂತಗಳಿವೆ. ಉಲ್ಲೇಖ ಸಹಿತ ಉದ್ಧರಣೆ, ಗ್ರಂಥಋಣ, ಸತತ 14 ಪದಗಳವರೆಗಿನ ಸಾಮಾನ್ಯ ಪದಸರಣಿಗಳು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಶೇಕಡಾವಾರು ಇಳಿಸಲೆಂದು ಒಳ್ಳೆಯ ವಾಕ್ಯಗಳ ಪದಗಳನ್ನು ಅಲ್ಲಲ್ಲಿ ತಿರುಚುವುದು ವ್ಯರ್ಥ, ಇನ್ನೊಬ್ಬರ ವಿಚಾರವನ್ನು ಹೆಸರಿಲ್ಲದೆ ಬಳಸಿದರೆ ಶೇಕಡಾ ಸೊನ್ನೆ ಬಂದರೂ ಅದು ಕೃತಿಚೌರ್ಯವೇ. ಕೃತಕ ಬುದ್ಧಿಮತ್ತೆಯ ಉಪಕರಣಗಳನ್ನು ಲೇಖಕರೆಂದು ನಮೂದಿಸುವಂತಿಲ್ಲ, ಬಳಸಿದ್ದರೆ ಎಲ್ಲಿ ಬಳಸಿದ್ದೇವೆಂದು ಹೇಳಬೇಕು ಎಂಬ ಪ್ರಕಟಣಾ ನೀತಿಯ ನಿಲುವನ್ನೂ ತಿಳಿಸಿದರು. ಪರಿಶೀಲಕರ ಟೀಕೆಗಳಿಗೆ ಉತ್ತರ ಬರೆಯುವ ಪಾಠವೂ ಉಪಯುಕ್ತ: ಪ್ರತಿ ಟೀಕೆಯನ್ನು ಹಾಗೆಯೇ ನಮೂದಿಸಿ, ಎದುರಿಗೆ ಮಾಡಿದ ಬದಲಾವಣೆ ಮತ್ತು ಪುಟಸಂಖ್ಯೆ ಕೊಡುವುದು, ಒಪ್ಪದ ಕಡೆ ಕಾರಣ ಸಹಿತ ವಿನಯದಿಂದ ಹೇಳುವುದು.

ಕೊರತೆಗಳಲ್ಲಿ ದೊಡ್ಡದು ಕನ್ನಡಕ್ಕೆ ಸಂಬಂಧಿಸಿದ್ದು. ಶಿಬಿರದಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಪ್ರವೇಶವಿದೆ, ಗುಂಪಿನ ಓದು ಅವರಿಗೂ ಸಮನಾಗಿಯೇ ಸಿಗುತ್ತದೆ. ಆದರೆ ಮಧ್ಯಾಹ್ನದ ಪಾಠಗಳ ಮಾದರಿಗಳೆಲ್ಲ ಇಂಗ್ಲಿಷ್ ಲೇಖನಗಳು. ಕನ್ನಡದಲ್ಲಿ ವಿದ್ವತ್ ಪತ್ರಿಕೆಗಳ ಪರಂಪರೆ ನಿನ್ನೆ ಮೊನ್ನೆಯದಲ್ಲ. ಸಾಹಿತ್ಯ ಪರಿಷತ್ತಿನ ಪತ್ರಿಕೆ 1916ರಲ್ಲಿ, ಪ್ರಬುದ್ಧ ಕರ್ನಾಟಕ 1919ರಲ್ಲಿ ಆರಂಭವಾದವು. ಅಲ್ಲಿಯ ಒಂದು ಲೇಖನವನ್ನಾದರೂ ತೆಗೆದು, ಕನ್ನಡದಲ್ಲಿ ವಾದ ಹೇಗೆ ಬೆಳೆಯುತ್ತದೆ, ಹಿಂದಿನವರೊಡನೆ ಭಿನ್ನಾಭಿಪ್ರಾಯವನ್ನು ಹೇಗೆ ಹೇಳುತ್ತಾರೆ ಎಂದು ತೋರಿಸಬಹುದಿತ್ತು. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪು ಮಾಡಿದ ಕಡತ ಯೂನಿಕೋಡ್‌ಗೆ ಬದಲಾಗುವಾಗ ಒತ್ತಕ್ಷರಗಳು ಕೆಡುವುದು, ಹಾಗೆ ಬದಲಾಯಿಸದೆ ಇಟ್ಟರೆ ಹುಡುಕಾಟದಲ್ಲಾಗಲಿ ಸಾಮ್ಯ ಪರೀಕ್ಷೆಯಲ್ಲಾಗಲಿ ಲೇಖನ ಓದಿಕೊಳ್ಳದಿರುವುದು ಕನ್ನಡ ಸಂಶೋಧಕರ ದಿನನಿತ್ಯದ ತೊಡಕು. ಅದರ ಬಗ್ಗೆ ಒಂದು ಮಾತೂ ಬರಲಿಲ್ಲ.

ಉಲ್ಲೇಖ ನಿರ್ವಹಣೆಗೆ ಜೊಟೆರೊ ತಂತ್ರಾಂಶವನ್ನು ಚೆನ್ನಾಗಿ ಕಲಿಸಿದರು; ಉಚಿತವಾಗಿ ಸಿಗುವ ಅದು ಬಹಳ ಶ್ರಮ ಉಳಿಸುತ್ತದೆ. ಆದರೆ ಕೊನೆಯ ಹೆಸರನ್ನು ಮೊದಲು ಹಾಕಿ, ಉಳಿದದ್ದನ್ನು ಇನಿಷಿಯಲ್ ಮಾಡುವ ಪಾಶ್ಚಾತ್ಯ ಶೈಲಿ ನಮ್ಮ ಹೆಸರುಗಳಿಗೆ ಹೊಂದುವುದಿಲ್ಲ ಎಂಬ ಪ್ರಶ್ನೆ ಎದ್ದಾಗ ಉತ್ತರ ಸಿಗಲಿಲ್ಲ. ಎಂ.ಎನ್. ಶ್ರೀನಿವಾಸ್ ಎಂಬಲ್ಲಿ ಎಂ. ಊರು, ಎನ್. ತಂದೆಯ ಹೆಸರು, ಶ್ರೀನಿವಾಸ್ ಅವರ ಸ್ವಂತ ಹೆಸರು. ನಡಿಕೇರಿಯಂಡ ಚಿಣ್ಣಪ್ಪ ಎಂಬಲ್ಲಿ ಒಕ್ಕದ ಹೆಸರು ಮೊದಲೇ ಇದೆ. ಯಂತ್ರ ಅದನ್ನು ತಿರುಗಿಸಿ ಮನೆತನವನ್ನು ಒಂದಕ್ಷರಕ್ಕೆ ಇಳಿಸುತ್ತದೆ. ಕೊಡಗಿನಲ್ಲಿ ಒಂದೇ ಸ್ವಂತ ಹೆಸರಿನ ಹತ್ತು ಲೇಖಕರಿರಬಹುದು, ಅವರನ್ನು ಬೇರ್ಪಡಿಸುವುದು ಮನೆತನದ ಹೆಸರೇ. ಕೊಡಗಿನಲ್ಲಿ ನಡೆಯುವ ಶಿಬಿರವೊಂದು ಈ ಪ್ರಶ್ನೆಗೆ ತನ್ನದೇ ಆದ ಒಂದು ಸ್ಪಷ್ಟ ಸೂಚನೆ ಸಿದ್ಧಪಡಿಸಿದರೆ ಅದು ರಾಜ್ಯದ ಉಳಿದವರಿಗೂ ಉಪಯೋಗಕ್ಕೆ ಬರುತ್ತದೆ. ಸಂಘಟಕರಿಗೆ ಇದನ್ನು ಬರೆದು ಕೊಟ್ಟಿದ್ದೇನೆ, ಅವರು ಆಸಕ್ತಿಯಿಂದಲೇ ತೆಗೆದುಕೊಂಡರು.

ಸಂಖ್ಯಾಶಾಸ್ತ್ರಕ್ಕೆ ಕೊಟ್ಟದ್ದು ಅರ್ಧ ದಿನ. ಅದನ್ನು ಕೈಬಿಟ್ಟಿದ್ದರೂ ನಷ್ಟವಾಗುತ್ತಿರಲಿಲ್ಲ. ಗೊತ್ತಿದ್ದವರಿಗೆ ಅದು ಸಾಲದು, ಗೊತ್ತಿಲ್ಲದವರಿಗೆ ಅದು ಅರ್ಥವಾಗದು. ಅದಕ್ಕೆ ಬದಲಾಗಿ ಸಂಶೋಧನಾ ನೈತಿಕತೆಗೆ ಆ ಸಮಯ ಕೊಡಬೇಕಿತ್ತು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡವರ ಬಳಿ ಆಮೇಲೆ ಪ್ರಶ್ನಾವಳಿ ಹಿಡಿದು ಹೋದ ವಿದ್ಯಾರ್ಥಿಗಳು ನಮ್ಮಲ್ಲಿ ಕಡಿಮೆಯಿಲ್ಲ. ನೋವಿನಲ್ಲಿರುವವರ ಒಪ್ಪಿಗೆಯನ್ನು ಹೇಗೆ ಕೇಳಬೇಕು, ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೂ ಗುರುತು ಸಿಗುವಾಗ ಏನು ಮಾಡಬೇಕು, ನೈತಿಕ ಸಮಿತಿಯೇ ಇಲ್ಲದ ಕಾಲೇಜಿನವರು ಯಾರ ಬಳಿ ಕೇಳಬೇಕು ಎಂಬ ಪ್ರಶ್ನೆಗಳು ಊಟದ ಹೊತ್ತಿನ ಮಾತಿನಲ್ಲಿ ಮಾತ್ರ ಬಂದು ಹೋದವು.

ಪ್ರಮಾಣಪತ್ರದ ವಿಷಯವನ್ನು ಬಿಚ್ಚಿ ಹೇಳಬೇಕು. ಇಲ್ಲಿ ಕೊಡುವುದು ಪಾಲ್ಗೊಂಡ ಬಗ್ಗೆ ಒಂದು ಪತ್ರ ಮಾತ್ರ. ಖಾಯಂ ಅಧ್ಯಾಪಕರ ಬಡ್ತಿಗೆ ಬೇಕಾದ ಪುನಶ್ಚೇತನ ಶಿಬಿರದ ಸ್ಥಾನವನ್ನು ಅದು ತುಂಬುವುದಿಲ್ಲ; ಅದಕ್ಕೆ ಅಧ್ಯಾಪಕರಿಗೆ ತರಬೇತಿ ಕೊಡುವ ಮಾಳವೀಯ ಮಿಷನ್ ಕೇಂದ್ರಗಳಂಥ ಮಾನ್ಯತೆಯುಳ್ಳ ಕಡೆಯ ಶಿಬಿರಗಳು ಬೇಕು. ಕೆಲವು ಕಾಲೇಜುಗಳಲ್ಲಿ ಓಓಡಿ (ಕರ್ತವ್ಯದ ಮೇಲೆ ಹೊರಗೆ ಹೋಗಿರುವುದೆಂದು ಪರಿಗಣಿಸುವ ಅನುಮತಿ) ಕೂಡ ಕೊಡುವುದಿಲ್ಲ. ನಮ್ಮಂಥ ಅತಿಥಿ ಉಪನ್ಯಾಸಕರಿಗೆ ಬೇಸಿಗೆಯಲ್ಲಿ ಸಂಭಾವನೆಯೇ ನಿಂತಿರುತ್ತದೆ, ಆ ತಿಂಗಳಲ್ಲೇ 4,500 ರೂಪಾಯಿ ಹೊಂದಿಸುವುದು ಸುಲಭವಲ್ಲ. ಇಬ್ಬರಿಗೆ ಅರ್ಧ ಶುಲ್ಕದ ರಿಯಾಯಿತಿ ಇದೆ. ಅದನ್ನು ಹೆಚ್ಚಿಸಬೇಕು, ಇಲ್ಲವೇ ವಸತಿಯಿಲ್ಲದೆ ಹಗಲಿನಲ್ಲಿ ಮಾತ್ರ ಬಂದು ಹೋಗುವವರಿಗೆ ಕಡಿಮೆ ಶುಲ್ಕ ಇಡಬೇಕು. ಈ ಶಿಬಿರದಿಂದ ಅತಿ ಹೆಚ್ಚು ಪ್ರಯೋಜನ ಪಡೆಯಬಲ್ಲವರು ಅತಿಥಿ ಉಪನ್ಯಾಸಕರೇ. ಅವರಿಗೇ ಇದು ದೂರವಾಗಬಾರದು ಎಂಬುದು ನನ್ನ ಕಳಕಳಿ.

ವಸತಿ ಸರಳ, ಶುಚಿ. ಬೆಳಿಗ್ಗೆ ಅಕ್ಕಿರೊಟ್ಟಿ, ಕೆಲವು ದಿನ ನೂಲ್‌ಪುಟ್ಟು, ಮಧ್ಯಾಹ್ನ ಸಸ್ಯಾಹಾರ ಮಾಂಸಾಹಾರ ಎರಡೂ ಇರುತ್ತವೆ. ಬಸ್ಸು ಆ ದಾರಿಯಲ್ಲಿ ವಿರಳ, ಹೊರಗಿನಿಂದ ಬರುವವರು ಕತ್ತಲಾಗುವ ಮೊದಲು ಮಡಿಕೇರಿ ತಲುಪುವಂತೆ ಹೊರಡಬೇಕು. ಜಿಲ್ಲೆಗೆ ರೈಲಿಲ್ಲ, ಮೈಸೂರಿನಿಂದ ರಸ್ತೆಯಲ್ಲಿಯೇ ಬರಬೇಕು.

ಶಿಬಿರ ಮುಗಿದ ಮೇಲೆ ಮೂರು ತಿಂಗಳವರೆಗೆ ತಿದ್ದಿದ ಕರಡನ್ನು ಮಾರ್ಗದರ್ಶಕರು ಮತ್ತೊಮ್ಮೆ ಓದಿಕೊಡುತ್ತಾರೆ. ಈ ಅವಧಿ ಸರಿಯಾಗಿ ಮಳೆಗಾಲಕ್ಕೆ ಬೀಳುತ್ತದೆ. ಜೂನ್‌ನಿಂದ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲದ ಊರುಗಳವರಿಗೆ ಆನ್‌ಲೈನ್ ಭೇಟಿ ಕೈಗೂಡಲಿಲ್ಲ. ನಮ್ಮ ಮೇಡಂ ಕರಡನ್ನು ಅಂಚೆಯಲ್ಲಿ ತರಿಸಿಕೊಂಡು, ಪೆನ್ಸಿಲಿನಲ್ಲಿ ಗುರುತು ಮಾಡಿ, ಅಂಚೆಯಲ್ಲಿಯೇ ಹಿಂತಿರುಗಿಸಿದರು. ಆ ಗುರುತುಗಳು ನನಗೆ ಯಾವ ವಿಡಿಯೊ ಸಭೆಗಿಂತಲೂ ಹೆಚ್ಚು ಕೆಲಸಕ್ಕೆ ಬಂದವು. ಎಲ್ಲ ಗುಂಪುಗಳಿಗೂ ಇದನ್ನೇ ಕ್ರಮವಾಗಿ ಮಾಡಿದರೆ ಒಳ್ಳೆಯದು. ನನ್ನ ಲೇಖನ ಈಗ ಪತ್ರಿಕೆಯೊಂದರ ಪರಿಶೀಲನೆಯಲ್ಲಿದೆ, ಮೊದಲ ಸುತ್ತಿನ ಟೀಕೆಗಳು ಬಂದಿವೆ, ಅವುಗಳಿಗೆ ಶಿಬಿರದಲ್ಲಿ ಕಲಿತ ಕ್ರಮದಲ್ಲಿಯೇ ಉತ್ತರ ಬರೆಯುತ್ತಿದ್ದೇನೆ.

ಹೋಗಲು ನಿರ್ಧರಿಸಿದವರು ಕರಡಿನ ಐದು ಮುದ್ರಿತ ಪ್ರತಿಗಳನ್ನು ಜೊತೆಗೆ ಒಯ್ಯಿರಿ, ಅಲ್ಲಿ ಪ್ರಿಂಟರ್ ಇಲ್ಲ, ಪಟ್ಟಣಕ್ಕೆ ಹೋಗಿ ಬರಲು ಅರ್ಧ ದಿನ ಬೇಕು. ಕ್ಷೇತ್ರಕಾರ್ಯದ ಮೂಲ ಟಿಪ್ಪಣಿ ಪುಸ್ತಕಗಳನ್ನೂ ಒಯ್ಯಿರಿ. ಮುಖ್ಯವಾಗಿ ಉಲ್ಲೇಖಿಸಿದ ಲೇಖನಗಳನ್ನು ಮೊದಲೇ ಇಳಿಸಿಕೊಂಡಿರಿ. ಮುಂದಿನ ಬೇಸಿಗೆಯ ಶಿಬಿರಕ್ಕೆ ಕರಡುಗಳನ್ನು ಏಪ್ರಿಲ್‌ನಲ್ಲಿ ಕರೆಯುತ್ತಾರೆ. ಈಗ ಕೈಯಲ್ಲಿರುವ ಅಧ್ಯಾಯದಿಂದ 1,500 ಪದ ಬಿಡಿಸಿಕೊಳ್ಳಲು ಅಷ್ಟು ಸಮಯ ಸಾಕು.